ಬಾರುಕೋಲಿನ ಗೂಟ

ಹೆಳವ ಜಂಬಯ್ಯ ತನ್ನ ಎತ್ತನ್ನು ಮನೆ ಮುಂದಿನ ಲೈಟು ಕಂಬಕ್ಕೆ ಕಟ್ಟುತ್ತಿರುವುದನ್ನು ವಾಮದೇವಪ್ಪ ಕಿಟಕಿಯಿಂದ ಕಂಡ. ಮೂರು ವರ್ಷಕ್ಕೊಮ್ಮೆ ಬಂದು ಮನೆತನದ ಪೀಳಿಗೆಗಳನ್ನು ಹಾಡಿ ಹೇಳುವ ಈ ಮನುಷ್ಯನಿಗೆ ದಾವಣಗೆರೆಯ ಕೆ.ಬಿ. ಬಡಾವಣೆಗೆ ಬರಲು ಇದೇ ದಿನ ಸಿಗಬೇಕೇ? ಒಳಗೆ ಹೆಣ್ಣು ನೋಡಲು ಹರಿಹರದಿಂದ ಬಂದವರು ಕೂತಿದ್ದರು: ಹುಡುಗ ಬಸವಕಿರಣ್, ಅವನ ಅಜ್ಜಿ ಮರುಳಸಿದ್ದಮ್ಮ. ಮಗಳು ಆಶಾರಾಣಿ ಉಪ್ಪಿಟ್ಟಿನ ತಟ್ಟೆ ಕೊಟ್ಟು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಿದ್ದಳು. ಅವಳು ಕಾಲೇಜಿಗೆ ಓಡಿಸುವ ಲೂನಾ ಹಳೇ ಕಾಲದ ಮುದುಕಿಯ ಕಣ್ಣಿಗೆ ಬೀಳದಿರಲೆಂದು ವಾಮದೇವಪ್ಪ ಬೆಳಿಗ್ಗೆಯೇ ಅದನ್ನು ಹಿತ್ತಲಿಗೆ ತಳ್ಳಿ ಗೋಣಿತಾಟು ಮುಚ್ಚಿದ್ದ.

ಅವಸರದಲ್ಲಿ ಹೊರಗೆ ಬಂದ. "ಜಂಬಯ್ಯ, ಇವತ್ತೊಂದಿನ ಕೊಟ್ರವ್ವತ್ತೆ ಹೆಸರು ಎತ್ತಬ್ಯಾಡ. ಒಳಗೆ ಬೀಗರು ಬಂದಾರೆ."

"ಹೆಸರು ನುಂಗೋ ಹೆಳವನ್ನ ಯಾವ ಮನಿಯವ್ರು ಒಳಗೆ ಕರೀತಾರ್ರಿ, ಸಾವ್ಕಾರ್ರೆ?"

"ಒಂದು ಚೀಲ ಜೋಳ ಕೊಡ್ತೀನಿ, ಪಂಚೆ ಕೊಡ್ತೀನಿ."

ಜಂಬಯ್ಯ ಎತ್ತಿನ ಬೆನ್ನು ಸವರಿದ. "ಅದನ್ನ ನೀವು ಹೆಂಗೂ ಕೊಡ್ತೀರಿ. ಬಿಡು ಅಂತೀರಿ, ಬಿಡ್ತೀನಿ. ಪಾಪ ಮಾತ್ರ ನಿಮ್ಮದು."

ಪಾಪ ಎಂಬ ಮಾತು ನಾಟಿತು. ವಾಮದೇವಪ್ಪ ಮೂರು ವರ್ಷದವನಿದ್ದಾಗ ತಂದೆ ತಾಯಿ ಇಬ್ಬರೂ ಒಂದೇ ವಾರದಲ್ಲಿ ವಾಂತಿಭೇದಿಗೆ ಹೋದರು. ಸಾಕಿದವಳು ಸೋದರತ್ತೆ ಕೊಟ್ರವ್ವ. ತಮ್ಮೂರು ಕುಕ್ಕುವಾಡದ ಹೊಲ ಉತ್ತವಳು ಅವಳೇ, ಹತ್ತಿ ಹೇರಿಕೊಂಡು ದಾವಣಗೆರೆಗೆ ಗಾಡಿ ಕಟ್ಟಿದವಳೂ ಅವಳೇ. ಅವಳು ಎದುರಿಗೆ ನಿಂತರೆ ದಲಾಲರು ತಕ್ಕಡಿ ಮುಟ್ಟಲು ಹೆದರುತ್ತಿದ್ದರು. ಇವನ ಬಟ್ಟೆ ಅಂಗಡಿ, ಈ ಮನೆ, ಎಲ್ಲಕ್ಕೂ ಅವಳ ರಟ್ಟೆಯೇ ಬುಡ. ಆದರೆ ಅವಳು ಹರಿಹರದ ಗಂಡನನ್ನು ಬಿಟ್ಟು ಬಂದವಳು. ಆ ಮಾತಿಗೇ ಆಶಾರಾಣಿಗೆ ಬಂದ ಒಂದು ಸಂಬಂಧ ಆಗಲೇ ಮುರಿದಿತ್ತು. ಅದಕ್ಕೇ ಇವತ್ತು ಗೋಡೆಯ ಮೇಲಿನ ಅವಳ ಫೋಟೋ ತೋರಿಸಿ, "ಪಾಪ, ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡ್ರು" ಎಂದು ಹೇಳಿ ಮುಗಿಸಿದ್ದ. ಮರುಳಸಿದ್ದಮ್ಮ ಕನ್ನಡಕ ಏರಿಸಿ ಆ ಫೋಟೋವನ್ನು ಬಹಳ ಹೊತ್ತು ನೋಡಿದ್ದಳು.

ಜಂಬಯ್ಯ ಬಾಗಿಲ ಬಳಿ ಕೂತು, ಕಿವಿಗೆ ಕೈಯಿಟ್ಟು ಶುರುಮಾಡಿದ. ಮೂಲಪುರುಷನಿಂದ ಒಂದೊಂದೇ ತಲೆ ಇಳಿದು ಬಂದ. "...ಬಾವಿ ತೋಡಿಸಿದಾತ ಗಿಡ್ಡಪ್ಪ, ಗಿಡ್ಡಪ್ಪನ ಮಗ ಅಜ್ಜಪ್ಪ, ಅಜ್ಜಪ್ಪನ ಹೊಟ್ಟ್ಯಾಗ ಒಬ್ಬನೇ ಮಗ ತಿಪ್ಪೇರುದ್ರಪ್ಪ, ತಿಪ್ಪೇರುದ್ರಪ್ಪನ ಮಗ ವಾಮದೇವಪ್ಪ..."

"ನಿಲ್ಲೋ," ಎಂದಳು ಮರುಳಸಿದ್ದಮ್ಮ. "ಅಜ್ಜಪ್ಪನ ಮಗಳು ಕೊಟ್ರವ್ವನ್ನ ಎಲ್ಲಿ ಬಿಟ್ಟೆ?"

ಜಂಬಯ್ಯ ನೆಲ ನೋಡಿದ. "ಬಿಟ್ಟಾತ ನಾನಲ್ರಿ, ಅವ್ವ."

ಎಲ್ಲರ ಕಣ್ಣೂ ವಾಮದೇವಪ್ಪನ ಮೇಲೆ ಬಿತ್ತು. ಮುದುಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡ್ರು ಅಂದ್ಯಲ್ಲಪ್ಪ? ಎಪ್ಪತ್ತೈದು ವರ್ಷ ಗಟ್ಟಿಯಾಗಿದ್ದ. ನನ್ನ ಅಣ್ಣ ಆತ."

ವಾಮದೇವಪ್ಪ ಹುಡುಗನ ಅಪ್ಪ, ಅಜ್ಜ ಎಲ್ಲರ ಬಗ್ಗೆ ವಿಚಾರಿಸಿದ್ದ. ಅಜ್ಜಿಯ ತವರು ಯಾವುದೆಂದು ಕೇಳಬೇಕೆಂದು ಹೊಳೆದೇ ಇರಲಿಲ್ಲ. "ತಪ್ಪಾತ್ರಿ ಅಮ್ಮ," ಎಂದ.

"ತಪ್ಪೇ. ಅರವತ್ತು ವರ್ಷದ ಮಾತು, ನಾನಾಗ ಎಂಟು ವರ್ಷದ ಹುಡುಗಿ. ಎತ್ತಿಗೆ ಅಂತ ಇಟ್ಟ ಬಾರುಕೋಲು ನಮ್ಮಣ್ಣ ಅತ್ತಿಗೆ ಮ್ಯಾಲೆ ಬೀಸ್ತಿದ್ದ. ಒಂದಿನ ಬೆಳಿಗ್ಗೆ ಆಕಿ ತಾನೇ ಗಾಡಿ ಕಟ್ಟಿದ್ಲು, ಗ್ವಾಡಿ ಗೂಟದಾಗಿನ ಬಾರುಕೋಲು ತಗಂಡ್ಲು, ಪ್ಯಾಟಿ ನಡುವೆ ಹಾದು ತವರಿಗೆ ಹೋದ್ಲು. ಮಂದಿ ಎಲ್ಲಾ ನೋಡಾಕ ನಿಂತ್ರು. ಆಕಿ ಮುಖಕ್ಕೆ ಸೆರಗು ಎಳ್ಕಳಲಿಲ್ಲ. ಎರಡು ದಿನ ಬಿಟ್ಟು ಎತ್ತು, ಗಾಡಿ ಆಳಿನ ಕೈಲಿ ವಾಪಸ್ ಕಳಿಸಿದ್ಲು. ಬಾರುಕೋಲು ಮಾತ್ರ ಕಳಿಸ್ಲಿಲ್ಲ."

ಆ ಬಾರುಕೋಲು ವಾಮದೇವಪ್ಪನಿಗೆ ಗೊತ್ತಿತ್ತು. ಕುಕ್ಕುವಾಡದ ಮನೆಯ ಅಟ್ಟದ ಮೇಲೆ ಅದು ಧೂಳು ತಿನ್ನುತ್ತ ಬಿದ್ದಿರುತ್ತಿತ್ತು. ಅತ್ತೆ ಎತ್ತುಗಳನ್ನು ಬರೀ ಬಾಯಿಮಾತಿನಲ್ಲೇ ನಡೆಸುತ್ತಿದ್ದಳು.

"ಅಣ್ಣ ಸಂತೆಯಿಂದ ಹೊಸ ಬಾರುಕೋಲು ತಂದ," ಮುದುಕಿ ಮುಂದುವರಿಸಿದಳು. "ಅಷ್ಟೊತ್ತಿಗೆ ನಮ್ಮವ್ವ ಗೂಟಾನೇ ಕಿತ್ತು ಒಲೆಗೆ ಹಾಕಿದ್ಲು. ಆಮ್ಯಾಲೆ ಬಂದ ಎರಡನೇ ಅತ್ತಿಗೆ ಮ್ಯಾಲೆ ಕೈ ಎತ್ತೋ ಧೈರ್ಯ ಅಣ್ಣಗೆ ಬರ್ಲಿಲ್ಲ. ನನ್ನ ತವರುಮನಿ ಗ್ವಾಡ್ಯಾಗ ಆ ಗೂಟದ ತೂತು ಇವತ್ತಿಗೂ ಐತೆ. ಮೆತ್ತಾಕ ಯಾರಿಗೂ ಬಿಟ್ಟಿಲ್ಲ ನಾನು. ಆಕಿ ಸಾಕಿದ ಮನಿ ಅಂತ ಗೊತ್ತಾಗೇ ಹೆಣ್ಣು ಕೇಳಾಕ ಬಂದೀನಿ. ನೀನು ನೋಡಿದ್ರೆ ಆಕೀನ ಮುಚ್ಚಿಡ್ತೀಯ!"

ಜಂಬಯ್ಯ ಯಾರನ್ನೂ ಕೇಳದೆ ಮತ್ತೆ ಕಿವಿಗೆ ಕೈಯಿಟ್ಟ. "ಅಜ್ಜಪ್ಪನ ಹೊಟ್ಟ್ಯಾಗ ಇಬ್ಬರು. ಹಿರೇ ಮಗಳು ಕೊಟ್ರವ್ವ..."

ಮರುಳಸಿದ್ದಮ್ಮ ಆಶಾರಾಣಿಯ ಕಡೆ ತಿರುಗಿದಳು. "ನಿನಗೇನು ಓಡ್ಸಾಕ ಬರ್ತೈತವ್ವ?"

ಆಶಾರಾಣಿ ಅಪ್ಪನ ಮುಖ ನೋಡಿದಳು. ವಾಮದೇವಪ್ಪ ಎದ್ದು ಹಿತ್ತಲಿಗೆ ಹೋದ. ಗೋಣಿತಾಟು ಎಳೆದು ಬಿಸಾಕಿ, ಲೂನಾವನ್ನು ಸಂದಿಯಿಂದ ತಳ್ಳಿಕೊಂಡು ಬಂದು, ಲೈಟು ಕಂಬದ ಬಳಿ ಎತ್ತಿನ ಪಕ್ಕಕ್ಕೆ ನಿಲ್ಲಿಸಿದ.