ಅಸುಂತಾಳ ಹಿಪ್ಪುನೇರಳೆ

ಗರಗಸ ನಿಂತಾಗ ಅಸುಂತಾಳ ಹಿತ್ತಿಲಿನ ಹಿಪ್ಪುನೇರಳೆ ಮರ ಮೊಣಕಾಲೆತ್ತರದ ಬೊಡ್ಡೆಯಾಗಿತ್ತು. ಗುರುಪ್ರಸಾದ್ ಬೆವರೊರೆಸಿಕೊಂಡು ತನ್ನ ಕೆಲಸವನ್ನು ತಾನೇ ಮೆಚ್ಚಿ ನೋಡಿದ. ನವೆಂಬರಿನ ಗಾಳಿಗೆ ಕೊಂಬೆ ಮುರಿದು ಸೂರಿನ ಮೇಲೆ ಬೀಳದಂತೆ ಸ್ವಲ್ಪ ಸವರಿಕೊಡೆಂದು ಹೇಳಿ, ನೆರೆಮನೆಯ ಆ ಇಟಲಿಯ ಮುದುಕಿ ಅಸುಂತಾ ಎವರೆಟ್ ಊರಿನಲ್ಲಿದ್ದ ತನ್ನ ಮಗಳ ಮನೆಗೆ ಹೋಗಿದ್ದಳು.

"ರೀ, ಸವರಿ ಅಂದ್ರೆ ಬೋಳಿಸೇ ಬಿಟ್ರಲ್ಲ!" ಬೇಲಿಯಾಚೆಯಿಂದ ಹೆಂಡತಿ ತೇಜಶ್ರೀ ಕೂಗಿದಳು. "ಒಂದು ಕಾಲ್ ಮಾಡಿ ಕೇಳ್ಬಾರ್ದಿತ್ತಾ?"

"ಕನಕಪುರದ ಕಡೆ ವರ್ಷಕ್ಕೊಂದ್ಸಲ ಹಿಂಗೇ ಬುಡಕ್ಕೆ ಕಡಿಯೋದು ಕಣೇ. ಹೆಂಗೆ ಚಿಗುರ್ತದೆ ನೋಡ್ತಿರು. ಮೈಸೂರ್ನೋರಿಗೆ ರೇಷ್ಮೆ ಅಂದ್ರೆ ಸೀರೆ ಮಾತ್ರ ಗೊತ್ತು!"

"ನಿಮ್ಮೂರಲ್ಲಿ ಅದು ಗಿಡ, ಇದು ಮರ. ಈ ಕೆನ್ಮೋರ್ ಊರಿನ ಚಳೀಲಿ ನಮ್ ಕರಿಬೇವೇ ಬದುಕ್ಲಿಲ್ಲ."

ಅವನು ಕಿವಿಗೊಡಲಿಲ್ಲ. ಅಸುಂತಾಳಿಗೂ ಅವನಿಗೂ ನಂಟು ಬೆಳೆದದ್ದೇ ರೇಷ್ಮೆಹುಳುವಿನಿಂದ; ಇಬ್ಬರ ಮನೆಯಲ್ಲೂ ಹುಳು ಸಾಕುತ್ತಿದ್ದರು. ಇಟಲಿಯ ಅವಳ ಪುಟ್ಟ ಊರಿನಲ್ಲಿ ಗೋಧಿ ಹೊಟ್ಟೆಗಾದರೆ, ಮದುವೆ, ಮನೆ, ಔಷಧಿ ಎಲ್ಲಕ್ಕೂ ರೇಷ್ಮೆ. ಹೆಂಗಸರು ಹುಳುವಿನ ಮೊಟ್ಟೆಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಎದೆಯ ಕಾವಿನಲ್ಲಿಟ್ಟುಕೊಂಡು ಮರಿ ಮಾಡಿಸುತ್ತಿದ್ದರು. ನೈಲಾನ್ ಬಂದಿತು, ನೂಲು ತೆಗೆಯುವ ಕಾರ್ಖಾನೆ ಮುಚ್ಚಿತು, ಊರಿಗೆ ಊರೇ ಹಿಪ್ಪುನೇರಳೆಯನ್ನು ಕಿತ್ತು ಮೆಕ್ಕೆಜೋಳ ಬಿತ್ತಿತು. ಅದಕ್ಕೆ ಮೊದಲೇ ಅವಳ ತಂದೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಒಂದು ಕಡ್ಡಿಯೇ ಈ ಪರದೇಶದಲ್ಲಿ ಮರವಾಗಿತ್ತು.

ಅಸುಂತಾ ಹಿಂದಿರುಗಿ, ಬೊಡ್ಡೆಯ ಸುತ್ತ ಒಂದು ಸುತ್ತು ಬಂದಳು.

"ಕೊಂಬೆಗಳೆಲ್ಲಿ, ಗುರು?"

"ಮಿಷನ್ ಬಾಡಿಗೆಗೆ ತಂದು ಪುಡಿ ಮಾಡಿಸಿದೆ. ನಿಮ್ಮ ಗುಲಾಬಿ ಬುಡಕ್ಕೇ ಹರಡಿದೀನಿ," ಎಂದ ಅವನು, ಹೆಮ್ಮೆಯಿಂದ.

ಅವಳು ಬಗ್ಗಿ ಒಂದು ಹಿಡಿ ಚಕ್ಕೆಯನ್ನು ಎತ್ತಿಕೊಂಡಳು. "ನಮ್ಮೂರಿನವರು ಮತ್ತೆ ಹುಳು ಸಾಕಲು ಹೊರಟಿದ್ದಾರೆ. ಊರಿನ ತಳಿಯ ಮರ ಅಲ್ಲಿ ಒಂದೂ ಉಳಿದಿಲ್ಲ. ಇದರ ಕಡ್ಡಿ ಒಯ್ದು ನೆಡಲು ಪರವಾನಗಿ ಪಡೆದು, ಫೆಬ್ರವರಿಯಲ್ಲಿ ಇಲ್ಲಿಗೆ ಬರುವವರಿದ್ದರು. ಅಲ್ಲಿ ಗುಂಡಿಗಳನ್ನೂ ತೋಡಿಯಾಗಿದೆ."

ಗುರುಪ್ರಸಾದ್ ಬೊಡ್ಡೆಯನ್ನು ಮುಟ್ಟಿ ನೋಡಿದ. "ಚಿಗುರುತ್ತೆ. ಖಂಡಿತ ಚಿಗುರುತ್ತೆ. ಸ್ವಲ್ಪ ದಿನ ತಡೀರಿ."

ಅವಳ ಊರಿನವರು ಪ್ರಯಾಣವನ್ನು ಮುಂದೂಡಿದರು. ಚಳಿ ಕಳೆಯಿತು, ಬೀದಿಯ ಚೆರ್ರಿಗಳು ಹೂಬಿಟ್ಟು ಉದುರಿದವು. ಕಚೇರಿಯಿಂದ ಬಂದೊಡನೆ ಅವನು ಬೇಲಿ ದಾಟಿ, ಬೊಡ್ಡೆಯ ತೊಗಟೆಯನ್ನು ಉಗುರಿನಿಂದ ಕೆರೆದು ಹಸಿರು ಹುಡುಕುತ್ತಿದ್ದ. ತೇಜಶ್ರೀ ಕಿಟಕಿಯಿಂದ ನೋಡುತ್ತಿದ್ದಳು. ಜೂನ್ ಹೊತ್ತಿಗೆ ಚಿಗುರಿನ ಬದಲು ಬೊಡ್ಡೆಯ ಮೇಲೆ ಅಣಬೆಗಳು ಎದ್ದವು.

"ನಿಮ್ಮೂರಿನವರ ನಂಬರ್ ಕೊಡಿ," ಎಂದ ಗುರುಪ್ರಸಾದ್, ತಲೆ ಎತ್ತದೆ. "ನಾನೇ ಕಾಲ್ ಮಾಡಿ ತಪ್ಪಾಯ್ತು ಅಂತೀನಿ."

"ಬೇಡ," ಎಂದಳು ಅಸುಂತಾ. "ಮರದ ಕೆಲಸ ಕಲಿತವರನ್ನು ಕರೆಸಿ ಸವರಿಸು ಅಂತ ಅವರು ಎಷ್ಟೋ ಸಲ ಹೇಳಿದ್ದರು. ಅದೆಲ್ಲ ಯಾಕೆ, ಪಕ್ಕದ ಮನೆಯವನು ನಮ್ಮವನೇ, ಅವನ ತಾಯಿಯೂ ಹುಳುವಿಗೆ ಎಲೆ ಹಾಕಿದವಳು ಅಂತ ನಾನೇ ಹೇಳಿದ್ದೆ."