ನೇರಳೆಗೆ ಉಪ್ಪು

ಮೂರು ಬಾಟಲಿಗಳನ್ನು ಒಲೆಕಟ್ಟೆಯ ಮೇಲೆ ಸಾಲಾಗಿ ಇಟ್ಟು ಮಾದಯ್ಯ ಅಡುಗೆಮನೆಯ ಬಾಗಿಲಿಗೆ ಅಗುಳಿ ಹಾಕಿದ. ಒಂದು ಬಿಳಿ, ಒಂದು ಕೆಂಪು, ಒಂದು ಜೇನಿನ ಬಣ್ಣ.

"ಒಂದೊಂದ್ ಗುಟುಕು ಬಾಯಿಗೆ ಬುಟ್ಕಂಡು ನೋಡವ್ವ," ಎಂದ ಮಗಳಿಗೆ. "ಕೆನಡಾ ದೊರೆ ಮಧ್ಯಾನದ ಊಟಕ್ಕೇ ಕೇಳವ್ರೆ. ಯಾವ ವೈನಿಗೆ ಯಾವ ತಿಂಡಿ ಒಂದ್ತದೆ ಅಂತ ಬಟ್ಲರೇ ರುಚಿ ನೋಡಿ ಏಳ್ಬೇಕಂತೆ."

ಮಂಗಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎಂಡ ಅಲ್ವಾ ಅಪ್ಪಯ್ಯ ಅದು?"

"ಎಂಡ ಅಲ್ಲ ಕಣವ್ವ, ದ್ರಾಕ್ಷಿ ರಸ."

"ದ್ರಾಕ್ಷಿ ರಸಕ್ಕೆ ಬಿರಡೆ ಯಾಕೆ ಇಷ್ಟು ಬಿಗಿಯಾಗಿ ಜಡ್ದವ್ರೆ?"

ಮಾದಯ್ಯ ನಗಲಿಲ್ಲ. ಯುಗಾದಿಯ ಹೊತ್ತಿಗೆ ಬಂದ ಜ್ವರ ಹೋಗುವಾಗ ಅವನ ಮೂಗನ್ನೂ ನಾಲಗೆಯನ್ನೂ ಕೊಂಡೊಯ್ದಿತ್ತು. ಹಾಲು ಸೀದು ಬಂಗಲೆಯೆಲ್ಲ ವಾಸನೆ ತುಂಬಿದ ದಿನ, ಒಲೆಯ ಮುಂದೆಯೇ ಕೂತಿದ್ದವನಿಗೆ ಏನೂ ತಿಳಿದಿರಲಿಲ್ಲ. ಅಂದಿನಿಂದ, ಜಲಪಾತದ ಪಕ್ಕದ ಬ್ಲಫ್ ಎಂಬ ಊರಿನ ಈ ಅತಿಥಿ ಬಂಗಲೆಯ ಅಡುಗೆಗೆ ಉಪ್ಪು ಖಾರ ನೋಡುವವಳು ಮಂಗಳಮ್ಮ. ಇದು ಅಪ್ಪ ಮಗಳ ಗುಟ್ಟು. "ಮೂಗಿಲ್ಲದ ಬಟ್ಲರ್‌ಗೆ ಯಾರವ್ವ ಒಲೆ ಕೊಟ್ಟಾರು? ಮನೆ ಖಾಲಿ ಮಾಡು ಅಂತಾರೆ ಅಷ್ಟೆ," ಎಂದು ಅವನು ದಿನಕ್ಕೊಮ್ಮೆ ಹೇಳುತ್ತಿದ್ದ.

ಅವಳು ಕಣ್ಣು ಮುಚ್ಚಿ ಗುಟುಕರಿಸಿದಳು. ಬಿಳಿಯದು ಎಳೇ ಮಾವಿನಕಾಯಿಯ ಹಾಗೆ ಹಲ್ಲು ಚುಳ್ಳೆನ್ನಿಸಿತು. ಅದಕ್ಕೆ ಹೊಳೆಮೀನು ಎಂದಳು. ಜೇನುಬಣ್ಣದ್ದು ಹೊಳಲು ಹಳ್ಳಿಯ ಸೋದರಮಾವನ ಆಲೆಮನೆಯ ಬಿಸಿ ಕೊಪ್ಪರಿಗೆಯ ಹಾಗಿತ್ತು. ಅಲ್ಲಿ ಜೋನಿಬೆಲ್ಲದ ಜೊತೆ ಏನು ಕೊಡುತ್ತಾರೋ ಅದೇ ಸಾಕು, ಒಂದು ಹೋಳು ಕೊಬ್ಬರಿ, ಹುರಿದ ಕಡಲೆಕಾಯಿ. ಕೆಂಪಿಗೆ ಬಂದಾಗ ಅವಳ ಮುಖ ಅರಳಿತು.

"ಅಪ್ಪಯ್ಯ, ಇದು ಪೂರಾ ನೇರಳೆಹಣ್ಣು! ನಾಲಗೆ ಇಡ್ಕತದೆ. ನೇರಳೆನ ನಾವು ಉಪ್ಪು ಅದ್ದಿ ತಾನೆ ತಿನ್ನಾದು? ಇದ್ಕೂ ಉಪ್ಪುಕಾರದ್ದೇ ಆಗ್ಬೇಕು. ಮದ್ದೂರು ಒಡೆ ತಟ್ತೀನಿ."

ಮಾದಯ್ಯ ಬಣ್ಣ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡ. ಬಿಳಿಗೆ ಮೀನು, ಕೆಂಪಿಗೆ ವಡೆ, ಜೇನಿಗೆ ಕೊಬ್ಬರಿ.

ಊಟದ ಮೇಜಿನಲ್ಲಿ ಇದ್ದವರು ಇಬ್ಬರೇ. ವಿದ್ಯುತ್ ಮನೆಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ಕೆಂಪು ಮೀಸೆಯ ಕೆನಡಾ ದೊರೆ. ಎದುರಿಗೆ ಇಲ್ಲಿನ ಎಂಜಿನಿಯರ್ ಯೋಗಾನರಸಿಂಹಯ್ಯ. ಬಂಗಲೆಯ ಅಡುಗೆ ಮುಟ್ಟದ ಅವರು ಎರಡು ಬಾಳೆಹಣ್ಣು ಮುಂದಿಟ್ಟುಕೊಂಡು ದೊರೆಯ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ತನ್ನೂರಲ್ಲೂ ಇಂಥದೇ ಒಂದು ಜಲಪಾತವಿದೆ, ಅದರ ಪಕ್ಕದಲ್ಲಿ ಅಣ್ಣನ ದ್ರಾಕ್ಷಿ ತೋಟ, ಈ ವೈನು ಅಲ್ಲಿಯದೇ ಎಂದು ದೊರೆ ಹೇಳಿದ. ಮಾದಯ್ಯ ಒಪ್ಪಿಸಿದ ಪಾಠ ಕೇಳಿ, ಬಿಳಿ ವೈನಿನ ಜೊತೆ ಮೀನು ತಿಂದು ತಲೆದೂಗಿದ. ಆಮೇಲೆ ಎದ್ದು ತನ್ನ ಕರವಸ್ತ್ರ ತೆಗೆದು, ನಗುತ್ತಾ ಮಾದಯ್ಯನ ಕಣ್ಣಿಗೆ ಕಟ್ಟಿಬಿಟ್ಟ.

"ಆಟ ಕಣಯ್ಯ, ಹೆದರಬೇಡ," ಎಂದರು ಯೋಗಾನರಸಿಂಹಯ್ಯ. "ಬಣ್ಣ ನೋಡದೆ ಹೇಳಬೇಕಂತೆ. ಬರೀ ವಾಸನೆ ಹಿಡಿದು." ಅವರ ದನಿಯಲ್ಲಿ ಆಟವಿರಲಿಲ್ಲ. ಆ ಸೀದ ಹಾಲಿನ ದಿನ ಅವರೂ ಬಂಗಲೆಯಲ್ಲಿದ್ದರು.

ಲೋಟ ಮೂಗಿನ ಕೆಳಗೆ ಬಂತು. ಮಾದಯ್ಯ ಉಸಿರೆಳೆದ. ಮತ್ತೊಮ್ಮೆ ಎಳೆದ. ಹಣೆಯ ಮೇಲೆ ಬೆವರು ಮೂಡಿತು.

ಬಿಸಿ ವಡೆಯ ತಟ್ಟೆ ಹಿಡಿದು ಪರದೆಯ ಹಿಂದೆ ನಿಂತಿದ್ದ ಮಂಗಳಮ್ಮನಿಗೆ ಲೋಟ ಕಾಣುತ್ತಿತ್ತು. ಕೆಂಪು. ಮೇಷ್ಟ್ರು ಕೇಳಿದ್ದಕ್ಕೆ ಬಾಯಿ ಬಾರದೆ ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ಅವಳು. ಆ ಪರದೆ ದಾಟಿ ಎಂದೂ ಬಂದವಳಲ್ಲ. ಈಗ ತಟ್ಟೆ ಹಿಡಿದೇ ದಾಟಿದಳು.

"ಅಪ್ಪಯ್ಯ," ಎಂದಳು, "ಉಪ್ಪು ತರ್ಲಾ?"

ಮಾದಯ್ಯನ ಭುಜ ಸಡಿಲವಾಯಿತು.

"ತಾರವ್ವ," ಎಂದ. ಲೋಟವನ್ನು ಇನ್ನೊಮ್ಮೆ ನಿಧಾನವಾಗಿ ಮೂಸಿದ. "ನೇರಳೆಹಣ್ಣು ಬುದ್ಧಿ ಇದು. ಕೆಂಪಂದು. ಇದ್ಕೆ ಒಡೆ."

ದೊರೆ ಮೇಜು ಕುಟ್ಟಿ ನಕ್ಕ. ವಡೆ ಮುರಿದು ಬಾಯಿಗೆ ಹಾಕಿಕೊಂಡು, ಒಂದು ಗುಟುಕು ಕುಡಿದು, ಇನ್ನೊಂದು ವಡೆಗೆ ಕೈ ಚಾಚಿದ. ಅಣ್ಣನಿಗೆ ಬರೆಯಬೇಕು, ಇದರ ಹೆಸರೇನು ಎಂದು ಕೇಳಿದ.

ಯೋಗಾನರಸಿಂಹಯ್ಯ ಮೇಜಿನ ನಡುವೆ ನೋಡುತ್ತಿದ್ದರು. ಅಲ್ಲಿ ಉಪ್ಪಿನ ಬಟ್ಟಲು, ತುಂಬಿದ್ದು, ಆಗಲೇ ಇತ್ತು. ಮಂಗಳಮ್ಮನಿಗೂ ಅದು ಈಗಷ್ಟೇ ಕಂಡಿತು.

ಅವರು ತಮ್ಮ ಬಾಳೆಹಣ್ಣಿನ ಸಿಪ್ಪೆಯನ್ನು ಬಟ್ಟಲಿನ ಮೇಲೆ ಹಾಕಿ ಮುಚ್ಚಿದರು.

"ಹೋಗಮ್ಮ, ಉಪ್ಪು ತಗೊಂಡು ಬಾ," ಎಂದರು. "ಇನ್ನು ಮೇಲೆ ಬಡಿಸೋಕೂ ನೀನೇ ಬಾ. ನಿಮ್ಮಪ್ಪನಿಗೆ ವಯಸ್ಸಾಯ್ತು."

ಊಟ ಮುಗಿದ ಮೇಲೆ ದೊರೆ ಬಟ್ಲರ್‌ಗೆಂದು ಅರ್ಧ ಲೋಟ ಕೆಂಪು ವೈನು ಒಳಗೆ ಕಳಿಸಿದ. ಮಾದಯ್ಯ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದನ್ನು ಬಾಯಿಗೆ ಹುಯ್ದುಕೊಂಡು, ನಾಲಗೆಯ ಮೇಲೆ ಬಹಳ ಹೊತ್ತು ಆಡಿಸಿ ನುಂಗಿದ. ಆಮೇಲೆ ಮಗಳ ಮುಖ ನೋಡಿದ.

"ಎಂಗದವ್ವ?" ಎಂದು ಕೇಳಿದ.