ಅಧ್ಯಕ್ಷರಿಗೆ ತಕ್ಕ ಕುರ್ಚಿ

“ಇದ್ರಲ್ಲಿ ಒಂದ್ಸಲ ಕೂತ್ರೆ ಏಳೋಕೆ ಮನಸ್ಸೇ ಬರಲ್ಲ ಸಾರ್!” ಎಂದ ಸಾಗರದ ಫರ್ನಿಚರ್ ಅಂಗಡಿಯ ಜಟ್ಟಿಂಗಪ್ಪ.

“ಹಾಗಾದ್ರೆ ಅದು ಬೇಡ,” ಎಂದರು ನೇಮಿಚಂದ್ರ.

ಜಟ್ಟಿಂಗಪ್ಪ ಇಪ್ಪತ್ತು ವರ್ಷದಿಂದ ಕುರ್ಚಿ ಮಾರುತ್ತಿದ್ದ. ಸುಖ ಜಾಸ್ತಿಯಾಯಿತೆಂದು ಕುರ್ಚಿ ಬೇಡವೆಂದವರನ್ನು ಕಂಡಿರಲಿಲ್ಲ. ನೇಮಿಚಂದ್ರ ಒಂದೊಂದರಲ್ಲೂ ಕೂತು, ಬೆನ್ನು ಒರಗಿಸಿ, ಹಾಯೆನಿಸಿದ ಕೂಡಲೇ ಮುಖ ಸಿಂಡರಿಸಿ ಎದ್ದರು. ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕಬ್ಬಿಣದ ಕುರ್ಚಿಯೊಂದು ಸಿಕ್ಕಿತು. ಸೀಟು ಮುಂದಕ್ಕೆ ಜಾರು, ಬೆನ್ನಿಗೆ ಒಂದು ಅಡ್ಡಪಟ್ಟಿ, ಕೈಯಿಡಲು ಜಾಗವಿಲ್ಲ. ಐದೇ ನಿಮಿಷದಲ್ಲಿ ಸೊಂಟ ಹಿಡಿಯಿತು. ನೇಮಿಚಂದ್ರರ ಮುಖ ಅರಳಿತು.

“ಯಾರಿಗೆ ಸಾರ್ ಇದು?”

“ನಮ್ಮ ಅಧ್ಯಕ್ಷರಿಗೆ. ದೊಡ್ಡವರು. ಅವರಿಗೆ ತಕ್ಕದ್ದೇ ಬೇಕಲ್ಲ.”

ದೊಡ್ಡವರು ಎಂದರೆ ದುಗ್ಗಪ್ಪ, ಹೊಸನಗರದ ಒಂದು ಸಹಕಾರ ಸಂಘದ ಅಧ್ಯಕ್ಷ. ನೇಮಿಚಂದ್ರ ಅದರ ಕಾರ್ಯದರ್ಶಿ. ಎಂಟು ತಿಂಗಳಿಂದ ದುಗ್ಗಪ್ಪನವರಿಗೆ ಸಂಘದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ದಿನಾ ಐದಕ್ಕೆ, ನೇಮಿಚಂದ್ರ ಚೀಲಕ್ಕೆ ಕೈಹಾಕುವ ಹೊತ್ತಿಗೆ ಸರಿಯಾಗಿ ಬಂದು, ಎದುರಿನ ಮೆತ್ತನೆಯ ಕುರ್ಚಿಯಲ್ಲಿ ಬೇರುಬಿಡುತ್ತಿದ್ದರು. ಮಾತು ನಗರದ ಕೋಟೆಯಿಂದ ಹೊರಟು, ಆಗುಂಬೆ ಘಾಟಿ ಇಳಿದು, ಮತ್ತೆ ಹತ್ತುತ್ತಿತ್ತು. ಅಧ್ಯಕ್ಷರು ಕೂತಿರುವಾಗ ಕಾರ್ಯದರ್ಶಿ ಏಳುವಂತಿಲ್ಲ. ಹಸಿವೆಂದು ಬಾಯಿಬಿಡುವುದಂತೂ ಹುದ್ದೆಯ ಗತ್ತಿಗೆ ಕಡಿಮೆ. ಐದೂವರೆಯ ಬಸ್ಸು ಹೋಗಿಬಿಡುತ್ತಿತ್ತು. ಮುಂದಿನದು ಏಳಕ್ಕೆ. ಹೊರಗೆ ಹೊತ್ತು ಮುಳುಗಿತೆಂದರೆ ಅಧ್ಯಕ್ಷರ ಸಂಘಸೇವೆಯೂ ಆ ದಿನಕ್ಕೆ ಮುಗಿಯುತ್ತಿತ್ತು.

ಹೊತ್ತು ಮುಳುಗಿದ ಮೇಲೆ ನೇಮಿಚಂದ್ರರಿಗೆ ಊಟವಿಲ್ಲ. ಜೈನರ ಮನೆ, ಸೂರ್ಯಾಸ್ತದ ನಂತರ ತುತ್ತು ಮುಟ್ಟುವುದು ಅವರ ವಂಶದಲ್ಲೇ ಇಲ್ಲ. ಹೋಟೆಲಿಗೆ ಹೋದರೆ ಎಲ್ಲದಕ್ಕೂ ಈರುಳ್ಳಿ. ಸಂಜೆಗೂ ಒಂದು ಬುತ್ತಿ ಕಟ್ಟಿಕೊಡು ಎಂದರೆ ಹೆಂಡತಿ ಜ್ವಾಲಾಮಾಲಿನಿ, “ತಣ್ಣಗಾದ್ದು ಏನು ತಿಂತೀರಿ? ಮನೆಗೆ ಬಂದು ಬಿಸಿಬಿಸಿ ತಿನ್ನಿ” ಎನ್ನುತ್ತಿದ್ದರು. ಎಂಥ ಪ್ರೀತಿ! ಹಿಂದೆಲ್ಲ ಸಂಜೆ ಹನ್ನೆರಡು ಕಡುಬು, ಮೇಲೆ ತುಪ್ಪ ಬೆಲ್ಲ ಇಳಿಯುತ್ತಿದ್ದ ಹೊಟ್ಟೆ ಈಗ ತಾಳ ಹಾಕುತ್ತಿತ್ತು. ಬೆಲ್ಟಿಗೆ ಮೂರು ಹೊಸ ತೂತು ಬಿದ್ದಿದ್ದವು. ಇದನ್ನು ನೋಡಿ ಖುಷಿಪಟ್ಟವರು ತೀರ್ಥಹಳ್ಳಿಯ ಡಾಕ್ಟರೊಬ್ಬರೇ. ಮೊನ್ನೆ ಆ ಮೆತ್ತನೆಯ ಕುರ್ಚಿಯ ಕಾಲು ಮುರಿದಾಗ ನೇಮಿಚಂದ್ರ ಬಸದಿಗೆ ಹೋಗಿ ಕೈಮುಗಿದು ಬಂದಿದ್ದರು.

ಸೋಮವಾರ ಐದಕ್ಕೆ ದುಗ್ಗಪ್ಪ ಬಂದರು, ಕೂತರು, ಬೆಚ್ಚಿದರು.

“ಇದೆಂತದು ಮಾರಾಯ್ರೆ?”

“ಬೆನ್ನಿಗೆ ಒಳ್ಳೇದಂತೆ. ನಿಮಗೋಸ್ಕರ ಸಾಗರದಿಂದ ಹುಡುಕಿ ತಂದೆ.”

ಐದೂ ಹತ್ತಕ್ಕೆ ಅಧ್ಯಕ್ಷರು ಎಡಕ್ಕೆ ವಾಲಿದರು. ಐದೂಕಾಲಿಗೆ ಬಲಕ್ಕೆ. ನೇಮಿಚಂದ್ರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಮೂಗಿಗೆ ಆಗಲೇ ತುಪ್ಪದ ವಾಸನೆ. ದುಗ್ಗಪ್ಪ ಸೊಂಟ ಹಿಡಿದು, ಹಲ್ಲು ಕಚ್ಚಿ, ನಗರದ ಕೋಟೆಯ ವಿಷಯ ತೆಗೆದರು. ಬಸ್ಸು ಹಾರನ್ ಹೊಡೆದು ಹೋಯಿತು. ಅಧ್ಯಕ್ಷರ ಕಣ್ಣಲ್ಲಿ ನೀರಾಡಿತು, ಆದರೂ ಮನುಷ್ಯ ಏಳಲಿಲ್ಲ. ನೇಮಿಚಂದ್ರರಿಗೂ ಅಳು ಬಂತು. ಕುರ್ಚಿಗೆ ಅಂಟಿಕೊಂಡವರನ್ನು ಅವರು ಬೇಕಾದಷ್ಟು ಕಂಡಿದ್ದರು, ಇಂಥ ಕುರ್ಚಿಗೆ ಅಂಟಿಕೊಂಡವರನ್ನಲ್ಲ.

ಹೊತ್ತು ಮುಳುಗಿತು. ದುಗ್ಗಪ್ಪ ಗೋಡೆ ಹಿಡಿದು ಎದ್ದು, ಕುಂಟುತ್ತ ಜಗಲಿಗೆ ಹೋಗಿ ಫೋನನ್ನು ಕಿವಿಗಿಟ್ಟುಕೊಂಡರು. ಕಿಟಕಿ ತೆರೆದಿತ್ತು.

“ಜ್ವಾಲಾಮಾಲಿನಕ್ಕಾ, ಹೊತ್ತು ಮುಳುಗ್ತು, ನಿಮ್ಮೆಜಮಾನ್ರನ್ನ ಬಿಡ್ತಿದೀನಿ. ಅವ್ರು ಇನ್ನೆಷ್ಟು ಕೆಜಿ ಇಳೀಬೇಕು ಅಂತ ಆ ಡಾಕ್ಟ್ರನ್ನ ಒಂದ್ಸಲ ಕೇಳಿ, ನನ್ನ ಸೊಂಟ ತಡೆಯಲ್ಲ!”